ಉದ್ದ ವೈರಿನ ಸೆನ್ಸರ್ ಮತ್ತು ಸ್ವಿಚ್‌ಗಳಿಗೆ ನಾಯ್ಸ್ ಕಾಟ: ಪದೇ ಪದೇ ಕೇಳುವ ಪ್ರಶ್ನೆಗಳು

ಹೊಲದ ಬೋರಿಗೋ ಮನೆ ಮೇಲಿನ ಟಾಕಿಗೋ ತಾವೇ ಕಂಟ್ರೋಲರ್ ಕಟ್ಟಿಕೊಂಡವರು, ಹುಬ್ಬಳ್ಳಿ-ಧಾರವಾಡದ ತಾರಿಹಾಳ, ಗೋಕುಲ ರೋಡ್, ಬೇಲೂರು ಕಡೆಯ ಕಾರ್ಖಾನೆಗಳಲ್ಲಿ ಪ್ಯಾನಲ್ ನೋಡಿಕೊಳ್ಳುವವರು, ಬ್ಯಾಡಗಿಯ ಮೆಣಸಿನಕಾಯಿ ಕೋಲ್ಡ್ ಸ್ಟೋರೇಜ್ ಮತ್ತು ಗದಗದ ಜಿನ್ನಿಂಗ್ ಮಿಲ್‌ಗಳ ಎಲೆಕ್ಟ್ರಿಷಿಯನ್‌ಗಳು ಕೇಳುವ ಪ್ರಶ್ನೆಗಳು ಇಲ್ಲಿವೆ. ನಾಯ್ಸ್ ಎಂದರೆ ಅಕ್ಕಪಕ್ಕದ ಕರೆಂಟಿನಿಂದ ಸಿಗ್ನಲ್ ವೈರಿಗೆ ಸೇರಿಕೊಳ್ಳುವ ಬೇಡದ ವೋಲ್ಟೇಜ್. ಪ್ಯಾನಲ್ ತೆರೆಯುವ ಮುನ್ನ ಮೇನ್ ಬಂದ್ ಮಾಡಿ, ಕರೆಂಟು ಹೋಗಿದೆಯೇ ಎಂದು ಟೆಸ್ಟರ್‌ನಿಂದಲ್ಲ, ಮೀಟರ್‌ನಿಂದ ನೋಡಿ.

ಮೇಜಿನ ಮೇಲೆ ಫ್ಲೋಟ್ ಸ್ವಿಚ್ ಸರಿ ಇತ್ತು. 100 ಮೀಟರ್ ವೈರ್ ಎಳೆದ ಮೇಲೆ ತಾನ ಆನ್, ತಾನ ಆಫ್ ಆಗಾಕತ್ತೈತಿ. ಯಾಕ?

ಪಕ್ಕಪಕ್ಕ ಹೋಗುವ ಎರಡು ವೈರ್‌ಗಳ ನಡುವೆ ಕಣ್ಣಿಗೆ ಕಾಣದ ಕೆಪಾಸಿಟರ್ ಒಂದಿರುತ್ತದೆ. ಇನ್ಸುಲೇಷನ್ ನೋಡಿಕೊಂಡು ಮೀಟರಿಗೆ 50ರಿಂದ 100 ಪಿಕೋಫ್ಯಾರಡ್. 100 ಮೀಟರಿಗೆ 10 ನ್ಯಾನೋಫ್ಯಾರಡ್ ಎಂದು ಹಿಡಿಯಿರಿ. 50 ಹರ್ಟ್ಸ್ ಕರೆಂಟಿಗೆ ಅದು ಸುಮಾರು 318 ಕಿಲೋ ಓಮ್‌ನ ರೆಸಿಸ್ಟರ್ ಇದ್ದಂತೆ. ಅದೇ ಪೈಪಿನಲ್ಲಿ ಮೋಟರಿನ 230 ವೋಲ್ಟ್ ವೈರೂ ಇದ್ದರೆ, ಆ 318 ಕಿಲೋ ಓಮ್ ಮೂಲಕ ನಿಮ್ಮ ಸಿಗ್ನಲ್ ವೈರಿಗೆ ಕರೆಂಟು ಸೋರುತ್ತದೆ.

ಈಗ ನಿಮ್ಮ ಬೋರ್ಡಿನ ಕಡೆ ನೋಡಿ. ಇಎಸ್‌ಪಿ32 ಒಳಗಿನ ಪುಲ್-ಅಪ್ (ವೈರನ್ನು ಪ್ಲಸ್ ಕಡೆ ಎಳೆದು ಹಿಡಿಯುವ ರೆಸಿಸ್ಟರ್) ಸುಮಾರು 45 ಕಿಲೋ ಓಮ್, ಆರ್ಡುಯಿನೋ ಊನೋದಲ್ಲಿ 20ರಿಂದ 50. ಸ್ವಿಚ್ ತೆರೆದಿರುವಾಗ ಆ ವೈರನ್ನು ಹಿಡಿದಿರುವುದು ಅದೊಂದೇ. ಲೆಕ್ಕ ಹಾಕಿದರೆ ಅದರ ಮೇಲೆ 30 ವೋಲ್ಟಿಗೂ ಹೆಚ್ಚು ಎಸಿ ಬರಬೇಕು. ಚಿಪ್ಪಿನ ಒಳಗಿನ ರಕ್ಷಣಾ ಡಯೋಡ್‌ಗಳು ಅದನ್ನು ಕತ್ತರಿಸುತ್ತವೆ, ಆದರೆ ಪಿನ್ ಸೆಕೆಂಡಿಗೆ 50 ಸಲ ಮೇಲೆ ಕೆಳಗೆ ಓಡುತ್ತದೆ. ಅದೇ ಜಾಗದಲ್ಲಿ 1 ಕಿಲೋ ಓಮ್ ಪುಲ್-ಅಪ್ ಹಾಕಿದರೆ ಬರುವುದು 0.7 ವೋಲ್ಟ್ ಅಷ್ಟೇ. ವೈರ್ ಬದಲಿಸಿಲ್ಲ, ಸೆನ್ಸರ್ ಬದಲಿಸಿಲ್ಲ, ಒಂದೆರಡು ರೂಪಾಯಿಯ ರೆಸಿಸ್ಟರ್‌ನಿಂದ ಕಾಟ ಸುಮಾರು ನಲವತ್ತೈದರಲ್ಲಿ ಒಂದು ಪಾಲಿಗೆ ಇಳಿಯಿತು. ಉದ್ದ ವೈರಿನ ಕೆಲಸದಲ್ಲಿ ಮೊದಲು ಮಾಡಬೇಕಾದದ್ದು ಇದೇ: ವೈರನ್ನು ಸಡಿಲ ಬಿಡದೆ ಬಿಗಿಯಾಗಿ ಹಿಡಿಯುವುದು.

ಸ್ವಿಚ್ ಮುಚ್ಚಿದ್ದಾಗ ಈ ತೊಂದರೆ ಬಹಳ ಕಡಿಮೆ, ಏಕೆಂದರೆ ಆಗ ವೈರ್ ನೇರ 0 ವೋಲ್ಟಿಗೆ ಕೂಡಿರುತ್ತದೆ. ಹಾಗಾಗಿ ಮೋಟರ್ ನಿಲ್ಲಿಸುವ ಸ್ವಿಚ್‌ಗಳಿಗೆ ಸಾಮಾನ್ಯ ಸ್ಥಿತಿಯಲ್ಲಿ ಮುಚ್ಚಿರುವ ಎನ್‌ಸಿ ಕಾಂಟ್ಯಾಕ್ಟ್ ಬಳಸಿ. ಇಲಿ ವೈರ್ ಕಡಿದರೂ ಮೋಟರ್ ನಿಲ್ಲುತ್ತದೆ, ಅದೊಂದು ಹೆಚ್ಚಿನ ಲಾಭ.

ಪುಲ್-ಅಪ್ ಎಷ್ಟು ಹಾಕಬೇಕು?

ಕಾಂಟ್ಯಾಕ್ಟ್ ಮೂಲಕ ಸುಮಾರು 5 ಮಿಲಿಆಂಪಿಯರ್ ಹರಿಯುವಷ್ಟು. 5 ವೋಲ್ಟಿಗೆ 1 ಕಿಲೋ ಓಮ್, 12 ವೋಲ್ಟಿಗೆ 2.2 ಕಿಲೋ, 24 ವೋಲ್ಟಿಗೆ 4.7 ಕಿಲೋ. 24 ವೋಲ್ಟಿನಲ್ಲಿ ಇನ್ನೂ ಬಿಗಿ ಬೇಕೆಂದು 2.2 ಕಿಲೋ ಹಾಕಿದರೆ ರೆಸಿಸ್ಟರ್ ಕಾಲು ವಾಟ್ ದಾಟಿ ಕಾಯುತ್ತದೆ, ಅರ್ಧ ವಾಟಿನದು ತನ್ನಿ. 12 ಅಥವಾ 24 ವೋಲ್ಟ್ ಚಿಪ್ಪಿನ ಪಿನ್ನಿಗೆ ನೇರ ಹೋಗಬಾರದು, ನಡುವೆ ಸಿಗ್ನಲ್ಲನ್ನು ಎಲ್‌ಇಡಿ ಬೆಳಕಿನ ಮೂಲಕ ದಾಟಿಸುವ ಆಪ್ಟೋಕಪ್ಲರ್ ಬೇಕು.

ಈ 5 ಮಿಲಿಆಂಪಿಯರ್‌ಗೆ ಇನ್ನೊಂದು ಕಾರಣವಿದೆ. ಮೋಟರ್ ಕರೆಂಟಿಗೆಂದು ಮಾಡಿದ ಕೇಬಲ್ ಫ್ಲೋಟ್‌ಗಳ ಬೆಳ್ಳಿ ಕಾಂಟ್ಯಾಕ್ಟ್ ಮೇಲೆ ಕಾಲಕ್ರಮೇಣ ಪೊರೆ ಕಟ್ಟುತ್ತದೆ. ಅತಿ ಕಡಿಮೆ ಕರೆಂಟು ಆ ಪೊರೆಯನ್ನು ಭೇದಿಸುವುದಿಲ್ಲ, ಸ್ವಿಚ್ ಮುಚ್ಚಿದರೂ ತೆರೆದಂತೆ ಕಾಣುತ್ತದೆ. ಬ್ಯಾಟರಿ ಮೇಲೆ ನಡೆಯುವ ಸಾಧನಕ್ಕೆ ಮಾತ್ರ 5 ಮಿಲಿಆಂಪಿಯರ್ ದುಬಾರಿ, ದಿನಕ್ಕೆ 120 ಮಿಲಿಆಂಪಿಯರ್-ಗಂಟೆ. ಅಲ್ಲಿ ಪುಲ್-ಅಪ್‌ಗೆ ಇನ್ನೊಂದು ಪಿನ್ನಿನಿಂದ ಓದುವ ಹೊತ್ತಿಗಷ್ಟೇ ಕರೆಂಟು ಕೊಡಿ.

ಮೋಟರ್ ಕೇಬಲ್ ಮತ್ತ ಸೆನ್ಸರ್ ವೈರ್ ಒಂದ ಪೈಪಿನ್ಯಾಗ ಹಾಕಿದರ ನಡೀತೈತೇನು?

ಇಲ್ಲ. ಕನಿಷ್ಠ 30 ಸೆಂಟಿಮೀಟರ್ ಅಂತರ ಇರಲಿ. ದಾಟಲೇಬೇಕಾದರೆ ಅಡ್ಡಡ್ಡ, 90 ಡಿಗ್ರಿಯಲ್ಲಿ ದಾಟಿಸಿ. ಪಿವಿಸಿ ಪೈಪ್ ನೀರು, ಇಲಿ ತಡೆಯುತ್ತದೆಯೇ ಹೊರತು ನಾಯ್ಸ್ ತಡೆಯುವುದಿಲ್ಲ. ಅರ್ಥ್ ಮಾಡಿದ ಜಿಐ ಪೈಪ್ ತಡೆಯುತ್ತದೆ. ಒಂದೇ ಕಾಲುವೆ ತೋಡಿದ್ದರೆ ಮೋಟರ್ ಕೇಬಲ್ ಒಂದು ದಂಡೆಗೆ, ಸೆನ್ಸರ್ ಕೇಬಲ್ ಇನ್ನೊಂದು ದಂಡೆಗೆ ಇಡಿ.

ಎರೆ (ಕಪ್ಪು ಮಣ್ಣು) ಹೊಲದವರಿಗೆ ಒಂದು ಮಾತು. ಬೇಸಿಗೆಯಲ್ಲಿ ಎರೆ ಬಿರುಕು ಬಿಟ್ಟಾಗ ಬಿಗಿಯಾಗಿ ಎಳೆದು ಹೂತ ಕೇಬಲ್ ಜಗ್ಗಿ ಒಳಗಿನ ತಂತಿ ತುಂಡಾಗುತ್ತದೆ, ಹೊರಗಿನ ಸಿಪ್ಪೆ ಮಾತ್ರ ಸರಿಯಾಗಿಯೇ ಇರುತ್ತದೆ. ಎಚ್‌ಡಿಪಿಇ ಪೈಪಿನೊಳಗೆ ಕೇಬಲನ್ನು ಹಾವಿನಂತೆ ಸ್ವಲ್ಪ ಸಡಿಲ ಬಿಟ್ಟು, ಟ್ರ್ಯಾಕ್ಟರ್ ನೇಗಿಲಿಗೆ ಸಿಗದಂತೆ ಎರಡು ಅಡಿ ಆಳದಲ್ಲಿ ಹಾಕಿ. ಕೆಂಪು ಮಸಾರಿ ಮಣ್ಣಿನಲ್ಲಿ ಈ ಕಾಟ ಅಷ್ಟಿಲ್ಲ.

ಯಾವ ಕೇಬಲ್ ತರಬೇಕು?

ಹೊಸೆದ ಜೋಡಿ ಇರುವುದು. ಹೋಗುವ ವೈರೂ ಬರುವ ವೈರೂ ಒಂದಕ್ಕೊಂದು ಸುತ್ತಿಕೊಂಡಿದ್ದರೆ ಮೋಟರ್ ಕೇಬಲ್‌ನ ಕಾಂತಕ್ಷೇತ್ರ ಒಂದು ಸುತ್ತಿನಲ್ಲಿ ಹುಟ್ಟಿಸಿದ ವೋಲ್ಟೇಜನ್ನು ಮುಂದಿನ ಸುತ್ತು ಅಳಿಸುತ್ತದೆ. ಬರೀ ಒಂದು ವೈರ್ ಎಳೆದು, ವಾಪಸಿಗೆ ಟಾಕಿಯ ಕಬ್ಬಿಣದ ಪೈಪನ್ನೋ ಅರ್ಥನ್ನೋ ಬಳಸಿದರೆ ಆ ಎರಡರ ನಡುವಿನ ಇಡೀ ಜಾಗ ಒಂದು ದೊಡ್ಡ ಆಂಟೆನಾ.

ಕ್ಯಾಟ್5ಇ ಅಥವಾ ಕ್ಯಾಟ್6 ಕೇಬಲ್ ಸ್ವಿಚ್‌ಗಳಿಗೆ ಒಳ್ಳೆಯದು, ಅಗ್ಗ ಕೂಡ. ಆದರೆ ಜೋಡಿಯ ನಿಯಮ ಮುರಿಯಬೇಡಿ: ಕಿತ್ತಳೆ ವೈರಿನಲ್ಲಿ ಸಿಗ್ನಲ್ ಹೋದರೆ ಬಿಳಿ-ಕಿತ್ತಳೆಯಲ್ಲಿ ಅದರದೇ 0 ವೋಲ್ಟ್. ಒಂದೇ ಜೋಡಿಯಲ್ಲಿ ಎರಡು ಸಿಗ್ನಲ್ ಹಾಕಿದರೆ ಒಂದರ ಗದ್ದಲ ಇನ್ನೊಂದಕ್ಕೆ ಹೋಗುತ್ತದೆ. ತರುವಾಗ ತಂತಿಯನ್ನು ಬ್ಲೇಡಿನಿಂದ ಕೆರೆದು ನೋಡಿ. ಒಳಗೆ ಬೆಳ್ಳಗೆ ಕಂಡರೆ ಅದು ತಾಮ್ರ ಲೇಪಿಸಿದ ಅಲ್ಯೂಮಿನಿಯಂ. ಸ್ಕ್ರೂ ಕೆಳಗೆ ಒಂದೆರಡು ಮಳೆಗಾಲದಲ್ಲೇ ಸಡಿಲಾಗಿ ಮುರಿಯುತ್ತದೆ. ಎರಡು ಬಿಡಿ ವೈರ್ ಮಾತ್ರ ಇದ್ದರೆ ಡ್ರಿಲ್ ಮಷೀನಿಗೆ ಸಿಕ್ಕಿಸಿ 3-4 ಸೆಂಟಿಮೀಟರಿಗೆ ಒಂದು ಸುತ್ತು ಬರುವಂತೆ ಹೊಸೆದುಕೊಳ್ಳಬಹುದು.

ಶೀಲ್ಡ್ ಎರಡೂ ಕಡೆ ಅರ್ಥ್ ಮಾಡಬೇಕೋ, ಒಂದ ಕಡೆಯೋ?

ಶೀಲ್ಡ್ ಎಂದರೆ ಕೇಬಲ್ ಒಳಗೆ ವೈರ್‌ಗಳ ಸುತ್ತ ಇರುವ ಲೋಹದ ಹೊದಿಕೆ. ಸ್ವಿಚ್, ತಾಪಮಾನ, ಮತ್ತು ಅಳತೆಯನ್ನು 4-20 ಮಿಲಿಆಂಪಿಯರ್ ಕರೆಂಟಾಗಿ ಕಳಿಸುವ ಕೇಬಲ್‌ಗಳಿಗೆ ಒಂದೇ ಕಡೆ, ಪ್ಯಾನಲ್ಲಿನ ಅರ್ಥ್ ಪಟ್ಟಿಗೆ. ಹೊಲದ ಕಡೆಯ ಶೀಲ್ಡ್ ಕತ್ತರಿಸಿ ಟೇಪ್ ಸುತ್ತಿ. ಎರಡೂ ಕಡೆ ಕೂಡಿಸಿದರೆ ಎರಡು ಅರ್ಥ್‌ಗಳ ನಡುವಿನ ವೋಲ್ಟೇಜ್ ವ್ಯತ್ಯಾಸದಿಂದ ಶೀಲ್ಡಿನಲ್ಲೇ 50 ಹರ್ಟ್ಸ್ ಕರೆಂಟು ಹರಿಯುತ್ತದೆ. ಮೋಟರ್ ವೇಗ ಬದಲಿಸುವ ವಿಎಫ್‌ಡಿಯಿಂದ ಮೋಟರಿಗೆ ಹೋಗುವ ಕೇಬಲ್ ಇದಕ್ಕೆ ಹೊರತು, ಅದರ ಶೀಲ್ಡನ್ನು ಎರಡೂ ಕಡೆ, ಸುತ್ತಲೂ ಕ್ಲ್ಯಾಂಪ್ ಹಿಡಿದು ಕೂಡಿಸಬೇಕು. ಶೀಲ್ಡಿನ ಬಾಲ 3 ಸೆಂಟಿಮೀಟರ್ ಮೀರದಿರಲಿ, ಮತ್ತು ಶೀಲ್ಡನ್ನು ಎಂದೂ ಸಿಗ್ನಲ್‌ನ ವಾಪಸು ವೈರಾಗಿ ಬಳಸಬೇಡಿ.

ಕಾಂಟ್ಯಾಕ್ಟರ್ ಬಂದ್ ಆದ ಕೂಡಲೇ ಬೋರ್ಡ್ ರೀಸೆಟ್ ಆಗತೈತಿ. ಇದೂ ವೈರಿನ ತಪ್ಪೇನು?

ಬಹುಪಾಲು ಅಲ್ಲ, ಗದ್ದಲ ಹುಟ್ಟುವುದು ಪ್ಯಾನಲ್ ಒಳಗೇ. ಕಾಂಟ್ಯಾಕ್ಟರ್ (ಮೋಟರ್ ಚಾಲೂ-ಬಂದ್ ಮಾಡುವ ದೊಡ್ಡ ರಿಲೇ) ಕಾಯಿಲ್‌ಗೆ ಕರೆಂಟು ಕಡಿದಾಗ ಅದರಲ್ಲಿದ್ದ ಶಕ್ತಿ ನೂರಾರು ವೋಲ್ಟಿನ ಕಿಡಿಯಾಗಿ ಹೊರಬರುತ್ತದೆ. ಅದನ್ನು ಹುಟ್ಟುವಲ್ಲೇ ಕೊಲ್ಲಬೇಕು.

12 ಅಥವಾ 24 ವೋಲ್ಟ್ ಡಿಸಿ ರಿಲೇ ಕಾಯಿಲ್‌ಗೆ ಅಡ್ಡಲಾಗಿ 1ಎನ್4007 ಡಯೋಡ್, ಬೆಳ್ಳಿ ಗೆರೆಯ ಕಡೆ ಪ್ಲಸ್‌ಗೆ. ತಿರುಗಾ ಹಾಕಿದರೆ ನೇರ ಶಾರ್ಟ್. 230 ವೋಲ್ಟ್ ಎಸಿ ಕಾಯಿಲ್‌ಗೆ ಡಯೋಡ್ ನಡೆಯದು. 100 ಓಮ್ ಅರ್ಧ ವಾಟ್ ರೆಸಿಸ್ಟರ್ ಮತ್ತು 0.1 ಮೈಕ್ರೋಫ್ಯಾರಡ್ 275 ವೋಲ್ಟ್ ಎಕ್ಸ್2 (ಎಸಿ ಮೇನ್‌ಗೆಂದೇ ಮಾಡಿದ) ಕೆಪಾಸಿಟರ್ ಸರಣಿಯಲ್ಲಿ, ಕಾಯಿಲ್‌ನ ಎ1-ಎ2 ಮೇಲೆಯೇ. ಮಾಮೂಲಿ ಡಿಸಿ ಕೆಪಾಸಿಟರ್ ಇಲ್ಲಿ ಸಿಡಿಯುತ್ತದೆ. ಕಾಯಿಲ್ ಬಿಟ್ಟು ರಿಲೇ ಕಾಂಟ್ಯಾಕ್ಟ್ ಮೇಲೆ ಹಾಕಿದರೆ, ತೆರೆದಾಗಲೂ 7 ಮಿಲಿಆಂಪಿಯರ್ ಸೋರುತ್ತದೆ. ಸಣ್ಣ ಕಾಂಟ್ಯಾಕ್ಟರ್ ಬಿಡದೆ ಗುಂಯ್‌ಗುಡುವುದು, ಎಲ್‌ಇಡಿ ಬಲ್ಬ್ ಮಂಕಾಗಿ ಉರಿಯುತ್ತಲೇ ಇರುವುದು ಇದರಿಂದಲೇ.

ಬೋರ್ಡಿನ ಸಪ್ಲೈ ಪಿನ್ನಿಗೆ ಅಂಟಿದಂತೆ 0.1 ಮೈಕ್ರೋಫ್ಯಾರಡ್ ಸೆರಾಮಿಕ್ ಮತ್ತು 470 ಮೈಕ್ರೋಫ್ಯಾರಡ್ ಎಲೆಕ್ಟ್ರೋಲಿಟಿಕ್ ಹಾಕಿ. ರಿಲೇಗಳಿಗೂ ಬೋರ್ಡಿಗೂ ಬೇರೆ ಬೇರೆ ಸಪ್ಲೈ ಇದ್ದರೆ ಇನ್ನೂ ಒಳ್ಳೆಯದು.

ಆಪ್ಟೋಕಪ್ಲರ್ ಹಾಕೀನಿ, ಆದರೂ ತಪ್ಪು ಬರತೈತಿ.

ಎರಡು ಕಡೆ ನೋಡಿ. ಒಂದು, ಹೊಲದ ಕಡೆಯ ಸಪ್ಲೈ ಮತ್ತು ಚಿಪ್ಪಿನ ಸಪ್ಲೈ ನಿಜವಾಗಿ ಬೇರೆಯೇ? 0 ವೋಲ್ಟ್ ಎರಡಕ್ಕೂ ಒಂದೇ ಆಗಿದ್ದರೆ ಆಪ್ಟೋ ಇದ್ದೂ ಇಲ್ಲದಂತೆ. ಸಾಮಾನ್ಯ ರಿಲೇ ಬೋರ್ಡುಗಳಲ್ಲಿ ಜೆಡಿ-ವಿಸಿಸಿ ಎಂಬ ಜಂಪರ್ ಇರುತ್ತದೆ, ಅದನ್ನು ತೆಗೆಯದೆ ಬಿಟ್ಟರೂ ಇದೇ ಕಥೆ.

ಎರಡು, ಆಪ್ಟೋದ ಎಲ್‌ಇಡಿ ಬಹಳ ಕಡಿಮೆ ಕರೆಂಟಿಗೇ ಎಚ್ಚರಾಗುತ್ತಿರಬಹುದು. ಪಿಸಿ817 ಬಳಸಿ 24 ವೋಲ್ಟಿಗೆ ಸರಣಿಯಲ್ಲಿ 2.2 ಕಿಲೋ ಓಮ್ ಅರ್ಧ ವಾಟ್, ಎಲ್‌ಇಡಿಗೆ ಅಡ್ಡಲಾಗಿ 1 ಕಿಲೋ ಓಮ್ ಹಾಕಿ. ಮೊದಲ 1 ಮಿಲಿಆಂಪಿಯರ್ ಚಿಲ್ಲರೆ ಆ 1 ಕಿಲೋ ಮೂಲಕ ಹೋಗಿಬಿಡುತ್ತದೆ. ಅದರ ಪಕ್ಕದಲ್ಲೇ 1ಎನ್4148 ಡಯೋಡ್ ತಿರುಗುಮುರುಗಾಗಿ ಇರಲಿ, ಏಕೆಂದರೆ ಈ ಎಲ್‌ಇಡಿ 6 ವೋಲ್ಟಿಗಿಂತ ಹೆಚ್ಚು ಉಲ್ಟಾ ವೋಲ್ಟೇಜ್ ತಾಳದು. ಕಾರ್ಖಾನೆಯ ಪ್ರೋಗ್ರಾಮ್ ಕಂಟ್ರೋಲರ್ ಆದ ಪಿಎಲ್‌ಸಿಯ 24 ವೋಲ್ಟ್ ಇನ್‌ಪುಟ್‌ಗಳು ಗಟ್ಟಿಯಾಗಿರುವುದು ಇದೇ ಕಾರಣಕ್ಕೆ: 5 ವೋಲ್ಟಿಗಿಂತ ಕೆಳಗೆ ಆಫ್, 15 ದಾಟಿದರೆ ಆನ್, ನಡುವೆ ದೊಡ್ಡ ಬಯಲು.

ಪ್ರಾಕ್ಸಿಮಿಟಿ ಸೆನ್ಸರ್ ಮುಂದ ಏನೂ ಇಲ್ಲ, ಆದರೂ ಪಿಎಲ್‌ಸಿ ಇನ್‌ಪುಟ್ ಲೈಟ್ ಮಂಕಾಗಿ ಉರೀತೈತಿ.

ಎರಡು ವೈರಿನ ಸೆನ್ಸರ್ ಇರಬೇಕು. ಆಫ್ ಇದ್ದಾಗಲೂ ತನ್ನ ಹೊಟ್ಟೆಪಾಡಿಗೆ ಅದು ಸ್ವಲ್ಪ ಕರೆಂಟು ಎಳೆಯುತ್ತದೆ. ಇನ್‌ಪುಟ್ ಮತ್ತು 0 ವೋಲ್ಟ್ ನಡುವೆ 2.2 ಕಿಲೋ ಅರ್ಧ ವಾಟ್ ಹಾಕಿ, ಅಥವಾ ಮೂರು ವೈರಿನದು ತನ್ನಿ: ಕಂದು ಪ್ಲಸ್, ನೀಲಿ ಮೈನಸ್, ಕಪ್ಪು ಸಿಗ್ನಲ್.

ಇಷ್ಟೆಲ್ಲಾ ಯಾಕ? ಪ್ರೋಗ್ರಾಮಿನ್ಯಾಗ ಡಿಲೇ ಹಾಕಿದರ ಮುಗೀತಲ್ಲ?

ಟಾಕಿಯ ಮಟ್ಟಕ್ಕೆ ಡಿಲೇ ಬೇಕೇ ಬೇಕು. ನೀರಿನ ಅಲೆಗೆ ಫ್ಲೋಟ್ ಕುಣಿಯುತ್ತದೆ, 3 ಸೆಕೆಂಡ್ ಸತತವಾಗಿ ಒಂದೇ ಸ್ಥಿತಿ ಇದ್ದರೆ ಮಾತ್ರ ನಂಬಿ. ಬಟನ್‌ಗೆ 5 ಮಿಲಿಸೆಕೆಂಡಿಗೊಮ್ಮೆ ಓದಿ, ಸತತ ಹತ್ತು ಸಲ ಒಂದೇ ಬಂದರೆ ಸಾಕು. ಆದರೆ ನೀರಿನ ಫ್ಲೋ ಮೀಟರ್‌ನ ಪಲ್ಸ್ ಎಣಿಸುವಲ್ಲಿ ಉದ್ದ ಡಿಲೇ ಹಾಕಿದರೆ ನಿಜವಾದ ಪಲ್ಸೂ ಹೋಗುತ್ತದೆ. ಎಮರ್ಜೆನ್ಸಿ ಸ್ಟಾಪ್ ಅಂತೂ ಪ್ರೋಗ್ರಾಮನ್ನು ನಂಬಿಕೊಂಡು ಇರಲೇಬಾರದು, ಕಾಂಟ್ಯಾಕ್ಟರ್ ಕಾಯಿಲ್‌ನ ದಾರಿಯನ್ನೇ ಕಡಿಯಬೇಕು. ಜೊತೆಗೆ, ಪಿನ್ನಿಗೆ 30 ವೋಲ್ಟ್ ಗುದ್ದುತ್ತಿದ್ದರೆ ಪ್ರೋಗ್ರಾಮು ಚಿಪ್ಪನ್ನು ಕಾಪಾಡುವುದಿಲ್ಲ.

ಹಾಗಾಗಿ ಪಿನ್ನಿನ ಮುಂದೆ 10 ಕಿಲೋ ಓಮ್ ಸರಣಿಯಲ್ಲಿ, ಪಿನ್ನಿನಿಂದ 0 ವೋಲ್ಟಿಗೆ 0.1 ಮೈಕ್ರೋಫ್ಯಾರಡ್ ಹಾಕಿ, ಇದು 1 ಮಿಲಿಸೆಕೆಂಡಿನ ಜರಡಿ. 1 ಮೈಕ್ರೋಫ್ಯಾರಡ್ ಆದರೆ 10 ಮಿಲಿಸೆಕೆಂಡು. ಸಿಗ್ನಲ್ ಈಗ ನಿಧಾನ ಏರುವುದರಿಂದ ನಡುವೆ 74ಎಚ್‌ಸಿ14 ಸ್ಮಿಟ್ ಟ್ರಿಗರ್ ಇದ್ದರೆ ಅಂಚಿನಲ್ಲಿ ತಡವರಿಸುವುದಿಲ್ಲ. ಕೆಪಾಸಿಟರನ್ನು ನೇರ ಸ್ವಿಚ್ ಮೇಲೆ ಹಾಕಬೇಡಿ, ಮುಚ್ಚಿದಾಗಲೆಲ್ಲ ಅದು ಒಮ್ಮೆಲೇ ಖಾಲಿಯಾಗಿ ರೀಡ್ ಸ್ವಿಚ್‌ನ ಎಲೆಗಳು ಬೆಸೆದುಕೊಳ್ಳುತ್ತವೆ.

ಡಿಎಸ್18ಬಿ20 ತಾಪಮಾನ ಸೆನ್ಸರ್ ಒಮ್ಮೊಮ್ಮೆ 85, ಒಮ್ಮೊಮ್ಮೆ -127 ತೋರಸ್ತೈತಿ.

85 ಡಿಗ್ರಿ ಆ ಚಿಪ್ಪು ಹೊಸದಾಗಿ ಎದ್ದಾಗ ಹೇಳುವ ಮೊದಲ ಸಂಖ್ಯೆ. ಅಂದರೆ ನಡುವೆ ಅದರ ಸಪ್ಲೈ ಕುಸಿದಿದೆ, ಇಲ್ಲವೇ ಅಳತೆ ಮುಗಿಯುವ ಮುನ್ನವೇ ಓದಿದ್ದೀರಿ. 12 ಬಿಟ್ ಅಳತೆಗೆ 750 ಮಿಲಿಸೆಕೆಂಡ್ ಬೇಕು. -127 ಎಂದರೆ ಉತ್ತರವೇ ಬಂದಿಲ್ಲ, ಆರ್ಡುಯಿನೋ ಲೈಬ್ರರಿ ತಾನೇ ಹಾಕಿಕೊಂಡ ಸಂಖ್ಯೆ ಅದು. ಸಪ್ಲೈಯನ್ನೂ ಡೇಟಾ ವೈರಿನಿಂದಲೇ ಪಡೆಯುವ ಎರಡು ವೈರಿನ ಪ್ಯಾರಸೈಟ್ ವಿಧಾನ ಬಿಟ್ಟು ಮೂರು ವೈರ್ ಹಾಕಿ, ಪುಲ್-ಅಪ್ 4.7 ಕಿಲೋ ಬದಲು 2.2 ಕಿಲೋ ಮಾಡಿ, ಪ್ರತಿ ಸೆನ್ಸರ್ ಬುಡದಲ್ಲಿ 0.1 ಮೈಕ್ರೋಫ್ಯಾರಡ್ ಕೊಡಿ. ಕೋಲ್ಡ್ ಸ್ಟೋರೇಜ್‌ನಲ್ಲಿ ಪ್ಯಾನಲ್‌ನಿಂದ ಪ್ರತಿ ಚೇಂಬರ್‌ಗೆ ಬೇರೆ ಬೇರೆ ಕೇಬಲ್ ಎಳೆದು ಒಂದೇ ಪಿನ್ನಿಗೆ ಕೂಡಿಸಿದರೆ ಸಿಗ್ನಲ್ ಪ್ರತಿ ಕೊನೆಯಿಂದಲೂ ತಿರುಗಿ ಬಂದು ಡಿಕ್ಕಿ ಹೊಡೆಯುತ್ತದೆ. ಒಂದೇ ಸಾಲಿನಲ್ಲಿ ಸೆನ್ಸರ್‌ನಿಂದ ಸೆನ್ಸರ್‌ಗೆ ಹೋಗಲಿ. ಗಿಡ್ಡ ದೂರಕ್ಕೆಂದು ಮಾಡಿದ ಐ2ಸಿ ಜೋಡಣೆಯ ಸೆನ್ಸರ್‌ಗಳನ್ನು ಉದ್ದ ಎಳೆಯುವ ಆಸೆಯೇ ಬೇಡ. ಅದರ ಮಿತಿ 400 ಪಿಕೋಫ್ಯಾರಡ್, ಕೆಲವೇ ಮೀಟರ್ ಕೇಬಲ್ ಅದನ್ನು ನುಂಗುತ್ತದೆ.

ಪಿಟಿ100 ತಾಪಮಾನ ಸೆನ್ಸರ್ 20 ಡಿಗ್ರಿ ಹೆಚ್ಚಿಗೆ ತೋರಸ್ತೈತಿ. ನಾಯ್ಸ್ ಇರಬಹುದೇನು?

ನಾಯ್ಸ್ ಅಲ್ಲ, ವೈರಿನ ರೆಸಿಸ್ಟೆನ್ಸ್. 0.5 ಚದರ ಮಿಲಿಮೀಟರ್ ತಾಮ್ರ ಕಿಲೋಮೀಟರಿಗೆ 39 ಓಮ್‌ವರೆಗೆ ಇರುತ್ತದೆ. 100 ಮೀಟರ್ ದೂರಕ್ಕೆ ಹೋಗಿ ಬಂದರೆ 7.8 ಓಮ್. ಪಿಟಿ100ಗೆ ಡಿಗ್ರಿಗೆ 0.385 ಓಮ್, ಭಾಗಿಸಿ ನೋಡಿ: ಸುಮಾರು 20 ಡಿಗ್ರಿ. ಮೂರು ವೈರಿನ ಜೋಡಣೆ ಇದನ್ನು ಕಳೆಯುತ್ತದೆ. ಇನ್ನೂ ಒಳ್ಳೆಯದು, ಸೆನ್ಸರ್ ತಲೆಯಲ್ಲೇ 4-20 ಮಿಲಿಆಂಪಿಯರ್ ಟ್ರಾನ್ಸ್‌ಮಿಟರ್ ಕೂರಿಸುವುದು. ಕರೆಂಟು ಸರಪಳಿಯಲ್ಲಿ ಎಲ್ಲೆಡೆ ಒಂದೇ ಆದ್ದರಿಂದ ವೈರ್ ಉದ್ದ ಅಳತೆಯನ್ನು ಕೆಡಿಸುವುದಿಲ್ಲ. 250 ಓಮ್ ಮೇಲೆ 1ರಿಂದ 5 ವೋಲ್ಟ್ ಆಗಿ ಓದಿಕೊಳ್ಳಿ. ಕರೆಂಟು 3.6 ಮಿಲಿಆಂಪಿಯರ್‌ಗಿಂತ ಕೆಳಗಿಳಿದರೆ ವೈರ್ ಕಡಿದಿದೆ ಎಂದು ಪ್ರೋಗ್ರಾಮಿಗೆ ಹೇಳಿಕೊಡಿ.

300 ಮೀಟರ್ ದೂರ ಐತಿ. ಏನ್ ಹಾಕೋದು?

ಆರ್‌ಎಸ್-485, ಅಂದರೆ ಎ ಮತ್ತು ಬಿ ಎಂಬ ಎರಡು ವೈರ್‌ಗಳ ವೋಲ್ಟೇಜ್ ವ್ಯತ್ಯಾಸದಿಂದ ಡೇಟಾ ಕಳಿಸುವ ವಿಧಾನ. 9600 ಬಾಡ್‌ನಲ್ಲಿ 1200 ಮೀಟರ್‌ವರೆಗೆ ಹೋಗುತ್ತದೆ. ಸಾಲಿನ ಎರಡು ಕೊನೆಗಳಲ್ಲಿ ಮಾತ್ರ 120 ಓಮ್. ಮಾರುಕಟ್ಟೆಯ ಸಣ್ಣ ಮಾಡ್ಯೂಲ್‌ಗಳಲ್ಲಿ ಇದು ಮೊದಲೇ ಕೂತಿರುವುದುಂಟು, ನಡುವಿನವುಗಳಿಂದ ಕಿತ್ತು ಹಾಕಿ. ಎ ಮತ್ತು ಬಿ ಜೊತೆ ಮೂರನೆಯ ಕಾಮನ್ ವೈರೂ ಬೇಕು. ಎರಡು ವೈರ್ ಸಾಕು ಎಂಬ ಮಾತು ಕೇಳಬೇಡಿ, ಎ, ಬಿ ವೈರ್‌ಗಳ ವೋಲ್ಟೇಜ್ ಚಿಪ್ಪಿನ 0 ವೋಲ್ಟಿಗೆ ಹೋಲಿಸಿದರೆ -7ರಿಂದ +12 ವೋಲ್ಟ್ ಮೀರಿದಾಗ ಚಿಪ್ಪು ಸಾಯಬಹುದು.

ವಿಎಫ್‌ಡಿ ಚಾಲೂ ಆದರ ಎಲ್ಲಾ ರೀಡಿಂಗ್ ಕುಣೀತಾವ.

ವಿಎಫ್‌ಡಿ ಮೋಟರಿಗೆ ಕೊಡುವುದು ನಯವಾದ ಅಲೆಯಲ್ಲ, ಸೆಕೆಂಡಿಗೆ ಸಾವಿರಾರು ಸಲ ಹೊಡೆಯುವ ಚೌಕ ಪಲ್ಸ್. ಕ್ಯಾರಿಯರ್ ಫ್ರೀಕ್ವೆನ್ಸಿಯನ್ನು 2ರಿಂದ 4 ಕಿಲೋಹರ್ಟ್ಸ್‌ಗೆ ಇಳಿಸಿ, ಮೋಟರ್ ಸ್ವಲ್ಪ ಕಿರುಗುಟ್ಟುತ್ತದೆ, ಇರಲಿ. ಮೋಟರ್ ಕೇಬಲ್ ಶೀಲ್ಡ್ ಇರುವುದೇ ಆಗಲಿ, ಸೆನ್ಸರ್ ಕೇಬಲ್ ಅರ್ಧ ಮೀಟರ್ ಆಚೆ ಇರಲಿ, ಅದರ ಪ್ಯಾನಲ್ ತುದಿಗೆ ಫೆರೈಟ್ ಉಂಗುರದಲ್ಲಿ ಮೂರು ಸುತ್ತು ಹಾಕಿ.

ಫ್ಲೋ ಮೀಟರ್ ನೀರ ಬರದಿದ್ದಾಗೂ ಸೆಕೆಂಡಿಗೊಂದು ಎಣಸ್ತೈತಿ!

ಪಕ್ಕದಲ್ಲಿ ಹಂದಿ ಕಾಟಕ್ಕೆ ಹಾಕಿದ ಸೋಲಾರ್ ಬೇಲಿ ಇದೆಯೇ ನೋಡಿ. ಬೇಲಿಯ ಎನರ್ಜೈಸರ್ ಸುಮಾರು ಸೆಕೆಂಡಿಗೊಂದು ಸಾವಿರಾರು ವೋಲ್ಟಿನ ಪಲ್ಸ್ ಬಿಡುತ್ತದೆ. ಬೇಲಿ ಬಂದ್ ಮಾಡಿದಾಗ ಎಣಿಕೆ ನಿಂತರೆ ಕಳ್ಳ ಸಿಕ್ಕ. ಬೇಲಿಗೆ ಸಮಾನಾಂತರವಾಗಿ ವೈರ್ ಎಳೆಯಬೇಡಿ, ಬೇಲಿಯ ಅರ್ಥ್ ರಾಡ್ ನಿಮ್ಮ ಪ್ಯಾನಲ್ ಅರ್ಥ್‌ನಿಂದ ದೂರವೇ ಇರಲಿ.

ನಾಯ್ಸ್ ಎಲ್ಲಿಂದ ಬರತೈತಿ ಅಂತ ಹುಡುಕೋದು ಹೆಂಗ?

ಒಂದೊಂದಾಗಿ ಕಡಿಯುತ್ತ ಹೋಗಿ, ಪ್ರತಿ ಹಂತದಲ್ಲೂ ಮೋಟರನ್ನು ಹತ್ತು ಸಲ ಚಾಲೂ-ಬಂದ್ ಮಾಡಿ. ಮೊದಲು ಪ್ಯಾನಲ್ಲಿನಲ್ಲಿ ಸೆನ್ಸರ್ ವೈರ್ ಬಿಚ್ಚಿ. ಆಗಲೂ ತಪ್ಪು ಬಂದರೆ ಕಾಯಿಲ್ ಅಥವಾ ಸಪ್ಲೈ ಕಾರಣ, ಕೇಬಲ್‌ಗೆ ಕೈ ಹಚ್ಚಬೇಡಿ. ಬಾರದಿದ್ದರೆ ಕೇಬಲ್ ಕೂಡಿಸಿ, ಆಚೆ ತುದಿಯಲ್ಲಿ ಸೆನ್ಸರ್ ತೆಗೆದಿರಲಿ. ಈಗ ತಪ್ಪು ಬಂದು, ಪುಲ್-ಅಪ್ 1 ಕಿಲೋ ಮಾಡಿದಾಗ ಹೋದರೆ ಮೊದಲ ಉತ್ತರದ ಕೆಪಾಸಿಟರ್ ಕಥೆ. ಆಮೇಲೆ ಆಚೆ ತುದಿ ಶಾರ್ಟ್ ಮಾಡಿ. ಶಾರ್ಟ್ ಇದ್ದೂ ತಪ್ಪು ಬಂದರೆ ಸಡಿಲ ಜಾಯಿಂಟ್, ಇಲ್ಲವೇ ಹೊಸೆಯದ ವೈರಿನ ಕಾಂತ ಕಾಟ.

ಮೀಟರ್ ಎಸಿಯಲ್ಲಿಟ್ಟಾಗ ತೆರೆದ ವೈರ್ ಮೇಲೆ 40-50 ವೋಲ್ಟ್ ಕಂಡು ಹೆದರುವವರುಂಟು. ಮೀಟರಿನ ಒಳಗಿನ ರೆಸಿಸ್ಟೆನ್ಸ್ 10 ಮೆಗಾ ಓಮ್, ಪ್ರೇರಿತ ವೋಲ್ಟೇಜೂ ಅದಕ್ಕೆ ದೊಡ್ಡದಾಗಿ ಕಾಣುತ್ತದೆ. ಮೇನ್ ಬಂದ್ ಮಾಡಿ ಪ್ರೋಬ್‌ಗಳ ನಡುವೆ 10 ಕಿಲೋ ಓಮ್ 10 ವಾಟ್ ರೆಸಿಸ್ಟರ್ ಕೂಡಿಸಿ, ಮತ್ತೆ ಚಾಲೂ ಮಾಡಿ ನೋಡಿ. ಕೆಲವೇ ವೋಲ್ಟಿಗೆ ಇಳಿದರೆ ಬರೀ ನಾಯ್ಸ್. ಇಳಿಯದಿದ್ದರೆ ಎಲ್ಲೋ ಇನ್ಸುಲೇಷನ್ ಕೆಟ್ಟು 230 ವೋಲ್ಟ್ ನಿಜವಾಗಿಯೂ ಬರುತ್ತಿದೆ, ಮೇನ್ ಇಳಿಸಿ ಕೇಬಲ್ ಬದಲಿಸಿ.

ಎಲೆಕ್ಟ್ರಾನಿಕ್ಸ್‌ಗೆ ಬ್ಯಾರೆ ಅರ್ಥ್ ಹೊಡಿಬೇಕೇನು?

ಬೇರೆ ರಾಡ್ ಹೊಡೆದು, ಹಳೆಯದಕ್ಕೆ ಕೂಡಿಸದೆ ಬಿಡುವುದು ಅಪಾಯ. ಸಿಡಿಲಿನ ಹೊತ್ತಿಗೆ ಎರಡು ರಾಡ್‌ಗಳ ನಡುವಿನ ವೋಲ್ಟೇಜೆಲ್ಲ ನಿಮ್ಮ ಬೋರ್ಡಿನ ಮೇಲೆ ಬೀಳುತ್ತದೆ. ಎಷ್ಟೇ ರಾಡ್ ಇರಲಿ, ಎಲ್ಲವೂ ಒಂದೇ ಪಟ್ಟಿಗೆ ಬರಲಿ. ಒದ್ದೆ ಎರೆ ಅರ್ಥ್‌ಗೆ ಬಹಳ ಒಳ್ಳೆಯ ಮಣ್ಣು, ಆದರೆ ಒಣಗಿದಾಗ ರಾಡಿನಿಂದ ಸರಿದು ನಿಲ್ಲುತ್ತದೆ. ಮಾರ್ಚ್‌ನಿಂದ ಮೇವರೆಗೆ ಗುಂಡಿಗೆ ನೀರು ಹಾಕಿ.

ಅಡ್ಡಮಳೆ ಸಿಡಿಲಿಗೆ ಪ್ರತಿ ವರ್ಷ ಬೋರ್ಡ್ ಹೋಗತೈತಿ.

ಕೇಬಲ್ ಪ್ಯಾನಲ್ ಒಳಗೆ ಬರುವಲ್ಲೇ ಪ್ರತಿ ವೈರಿನಿಂದ ಅರ್ಥ್‌ಗೆ 90 ವೋಲ್ಟ್ ಗ್ಯಾಸ್ ಡಿಸ್ಚಾರ್ಜ್ ಟ್ಯೂಬ್, ಅದರ ನಂತರ ಸರಣಿಯಲ್ಲಿ 47 ಓಮ್ 2 ವಾಟ್, ಅದರ ನಂತರ 24 ವೋಲ್ಟ್ ಸಾಲಿಗೆ 1.5ಕೆಇ33ಸಿಎ ಟಿವಿಎಸ್ ಡಯೋಡ್. ಅನುಕ್ರಮ ತಪ್ಪಬಾರದು. ಟ್ಯೂಬಿನಿಂದ ಅರ್ಥ್ ಪಟ್ಟಿಗೆ ವೈರ್ ಗಿಡ್ಡವಿರಲಿ: ಒಂದು ಮೀಟರ್ ವೈರ್ ಸುಮಾರು 1 ಮೈಕ್ರೋಹೆನ್ರಿ, ಮೈಕ್ರೋಸೆಕೆಂಡಿಗೆ 1000 ಆಂಪಿಯರ್ ಏರಿದರೆ ಅದರ ಮೇಲೇ 1000 ವೋಲ್ಟ್. ಇದು ಹತ್ತಿರ ಬಿದ್ದ ಸಿಡಿಲಿಗೆ. ನೇರ ಬಡಿದರೆ ಯಾವುದೂ ಉಳಿಯದು. ಹೀಗೆ ಸಿಡಿಲಿನ ಕಾಟ ಇರುವ ಬಯಲಲ್ಲಿ 200 ಮೀಟರ್ ಮೀರಿದರೆ ಆರ್‌ಎಸ್-485 ವೈರನ್ನೂ ಬಿಟ್ಟು 865-867 ಮೆಗಾಹರ್ಟ್ಸ್‌ನ ಲೋರಾ ರೇಡಿಯೋ ಮಾಡ್ಯೂಲ್ ಹಾಕುವುದು ಅಗ್ಗ, ಆ ಬ್ಯಾಂಡಿಗೆ ಲೈಸೆನ್ಸ್ ಬೇಡ.

ಎಲ್ಲಾ ಮಾಡೀನಿ. ಈಗ ಮುಂಜಾನೆ ಹೊತ್ತಷ್ಟ ತಪ್ಪು ಬರತೈತಿ, ಮಧ್ಯಾಹ್ನ ಸರಿ.

ಇಬ್ಬನಿ. ಎಲ್ಲೋ ಒಂದು ಜಾಯಿಂಟ್ ಟೇಪಿನ ಮೇಲೆ ನಿಂತಿದೆ. ಪಿವಿಸಿ ಟೇಪ್ ನೀರನ್ನು ತಡೆಯುವುದಕ್ಕಿಂತ ಹಿಡಿದಿಡುತ್ತದೆ. ಕತ್ತರಿಸಿ, ಬೆಸುಗೆ ಹಾಕಿ, ಒಳಗೆ ಅಂಟು ಇರುವ ಹೀಟ್ ಶ್ರಿಂಕ್ ಏರಿಸಿ. ಪೆಟ್ಟಿಗೆಗೆ ಕೇಬಲ್ ಮೇಲಿನಿಂದ ಬಾರದೆ ಕೆಳಗಿನಿಂದ, ಒಂದು ಇಳಿ ಬಳುಕು ಕೊಟ್ಟು ಗ್ಲ್ಯಾಂಡ್ ಮೂಲಕ ಬರಲಿ, ಗ್ಲ್ಯಾಂಡ್ ತೂತು ಖಾಲಿ ಇದ್ದರೆ ಮುಚ್ಚಿ, ಇರುವೆ ಗೂಡು ಕಟ್ಟುತ್ತದೆ.